ಬೀದರಿನ ನೆಲದಡಿಯ ನೀರು: ಸುರಂಗವೆಂಬ ಮಾತಿನ ಸುತ್ತ

ಕರ್ನಾಟಕದಲ್ಲಿ ಕೋಟೆಯಿರುವ ಊರು ಯಾವುದೇ ಆಗಿರಲಿ, ಅಲ್ಲೊಂದು ಸುರಂಗದ ಕಥೆ ಇದ್ದೇ ಇರುತ್ತದೆ. ಕ್ಷೇತ್ರಕಾರ್ಯಕ್ಕೆಂದು ಕಳುಹಿಸಿದ ವಿದ್ಯಾರ್ಥಿಗಳು ತರುವ ಟಿಪ್ಪಣಿಗಳಲ್ಲಿ ವರ್ಷವರ್ಷವೂ ಅದೇ ನಿರೂಪಣೆ: ಕೋಟೆಯೊಳಗಿನ ಗುಪ್ತದ್ವಾರವೊಂದರಿಂದ ಹೊರಟ ಸುರಂಗವು ದೂರದ ಮತ್ತೊಂದು ಕೋಟೆಯನ್ನು ಮುಟ್ಟುತ್ತದೆ; ಅರಸನು ಕುದುರೆಯೇರಿ ಅದರಲ್ಲಿ ಪಾರಾದನು; ಒಳಗೆ ನಿಧಿಯಿದೆ, ಸರ್ಪವೊಂದು ಕಾಯುತ್ತಿದೆ; ಹೊಕ್ಕವರು ಮರಳದ ಕಾರಣ ಅದರ ಬಾಯಿಯನ್ನು ಮುಚ್ಚಲಾಯಿತು. ಊರಿನ ಹೆಸರೊಂದನ್ನು ಬದಲಿಸಿದರೆ ಎಲ್ಲ ಕಥೆಗಳೂ ಒಂದೇ. ಈ ಕಥೆಗಳ ಬಗ್ಗೆ ನನಗೆ ತಿರಸ್ಕಾರವಿಲ್ಲ. ಆದರೆ ಇವುಗಳ ಮೋಹವು ನಮ್ಮ ಸಂಶೋಧನೆಯ ಕಣ್ಣನ್ನು ನೆಲದಡಿಯಲ್ಲಿ ನಿಜವಾಗಿಯೂ ಇರುವುದರಿಂದ ಬೇರೆಡೆಗೆ ಸೆಳೆದಿದೆ ಎಂಬುದು ನನ್ನ ಅಭಿಪ್ರಾಯ. ಬೀದರ್ ಅದಕ್ಕೆ ಸ್ಪಷ್ಟ ನಿದರ್ಶನ.

ಕಥೆಯ ಬೇರು ಹಳೆಯದು. ಮಹಾಭಾರತದ ಅರಗಿನ ಮನೆಯಿಂದ ಪಾಂಡವರನ್ನು ಉಳಿಸಿದ್ದು ವಿದುರನು ಕಳುಹಿಸಿದ ಅಗೆಯುವವನೊಬ್ಬನು ತೋಡಿದ ಸುರಂಗ. ಜೈನ ಪರಂಪರೆಯ ಬ್ರಹ್ಮದತ್ತ ಚಕ್ರವರ್ತಿಯ ಕಥೆಯಲ್ಲಿಯೂ ಇಂಥದೇ ಪ್ರಸಂಗ ಬರುತ್ತದೆ. ತಾಯಿ ಚುಲನಿ ಮತ್ತು ದೀರ್ಘರಾಜರು ಕುಮಾರನನ್ನು ಅರಗಿನ ಮನೆಯಲ್ಲಿ ಸುಡಲು ಹವಣಿಸುತ್ತಾರೆ. ಮಂತ್ರಿ ಧನು ಮುಂದಾಲೋಚಿಸಿ ಸುರಂಗವನ್ನು ತೋಡಿಸಿರುತ್ತಾನೆ. ಮಂತ್ರಿಪುತ್ರ ವರಧನುವಿನೊಡನೆ ಬ್ರಹ್ಮದತ್ತನು ಪಾರಾಗುತ್ತಾನೆ. ಎರಡು ಪರಂಪರೆಗಳೂ ಸುರಂಗವನ್ನು ರಾಜಪುತ್ರನ ಪಲಾಯನದ ದಾರಿಯಾಗಿಯೇ ಕಂಡಿವೆ. 'ಸುರಂಗ' ಶಬ್ದದ ಇತಿಹಾಸವೂ ಇದಕ್ಕೆ ಹೊಂದುತ್ತದೆ. ಸಂಸ್ಕೃತದ 'ಸುರುಂಗಾ', 'ಸುರಂಗಾ' ರೂಪಗಳು ಗ್ರೀಕಿನ 'ಸಿರಿಂಕ್ಸ್' ಎಂಬುದರಿಂದ ಬಂದವೆಂದು ಒಟ್ಟೊ ಸ್ಟೈನ್ ಮೊದಲಾದ ವಿದ್ವಾಂಸರು ವಾದಿಸಿದರು. ಕೌಟಿಲ್ಯನ ಅರ್ಥಶಾಸ್ತ್ರದ ಕಾಲನಿರ್ಣಯದ ಚರ್ಚೆಯಲ್ಲಿ ಈ ಒಂದು ಶಬ್ದ ಸಾಕ್ಷಿಯಾಗಿ ನಿಂತದ್ದುಂಟು. ಮೂಲದಲ್ಲಿ ಅದು ಕೊಳಲಿನ ಹೆಸರು; ಬಳಿಕ ಕೊಳವೆಯಂತಹ ಎಲ್ಲದಕ್ಕೂ, ಕೋಟೆಗೆ ಕನ್ನ ಹಾಕುವ ನೆಲದಡಿಯ ದಾರಿಗೂ ಸಂದಿತು.

ಬೀದರಿನ ನೆಲದಡಿಯಲ್ಲಿರುವುದು ಇಂತಹ ಪಲಾಯನದ ದಾರಿಯಲ್ಲ. ಅದು ಹರಿದು ಬರುವ ನೀರಿನ ದಾರಿ. ಬಹಮನಿ ಸುಲ್ತಾನ ಅಹಮದ್ ಶಾಹನು 15ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲಬುರಗಿಯಿಂದ ಇಲ್ಲಿಗೆ ರಾಜಧಾನಿಯನ್ನು ಬದಲಿಸಿದಾಗ ಎತ್ತರದ ಜಂಬಿಟ್ಟಿಗೆ ಪ್ರಸ್ಥಭೂಮಿಯ ಅಂಚಿನಲ್ಲಿ ಕೋಟೆ ಎದ್ದಿತು. ರಕ್ಷಣೆಗೆ ಒಳ್ಳೆಯ ಸ್ಥಳ, ಆದರೆ ಮಾಂಜ್ರಾ ನದಿ ಬಹಳ ಕೆಳಗೆ. ನೀರು ಬೇಕಾದರೆ ಮೇಲೆಯೇ ಹುಡುಕಬೇಕು. ಜಂಬಿಟ್ಟಿಗೆ ರಂಧ್ರಮಯವಾದ ಕಲ್ಲು. ಮಳೆಯ ನೀರನ್ನು ಕುಡಿದು ಕೆಳಗಿಳಿಸುತ್ತದೆ. ಅದರಡಿಯ ಜೇಡಿ ಮತ್ತು ಕರಿಕಲ್ಲಿನ ಪದರ ಆ ನೀರನ್ನು ಮುಂದಕ್ಕೆ ಇಳಿಯಗೊಡದೆ ತಡೆಯುತ್ತದೆ. ಈ ಎರಡರ ಸಂಧಿಯಲ್ಲಿ ಶೇಖರವಾದ ನೀರನ್ನು ಊರಿನವರೆಗೆ ನಡೆಸಿಕೊಂಡು ಬರುವ ಉಪಾಯವೇ ಕರೇಜ್. ಎತ್ತರದಲ್ಲೊಂದು ತಾಯಿಬಾವಿ, ಅಲ್ಲಿಂದ ಅತ್ಯಲ್ಪ ಇಳಿಜಾರಿನಲ್ಲಿ ಸಾಗುವ ಸುರಂಗ, ಅದರುದ್ದಕ್ಕೂ ಅಲ್ಲಲ್ಲಿ ಬಾವಿಯಂತೆ ನೇರವಾಗಿ ಇಳಿಯುವ ಕಂಡಿಗಳು. ಅಗೆದ ಮಣ್ಣನ್ನು ಮೇಲೆತ್ತಲು, ಒಳಗಿದ್ದವರಿಗೆ ಗಾಳಿ ಬೆಳಕು ದೊರೆಯಲು, ಮುಂದೆ ಹೂಳು ತೆಗೆಯಲು ಈ ಕಂಡಿಗಳೇ ಆಧಾರ. ಏತವಿಲ್ಲ, ಎತ್ತುಗಳಿಲ್ಲ, ನೀರು ತನ್ನ ಭಾರದಿಂದಲೇ ಹರಿಯುತ್ತದೆ. ಇಳಿಜಾರು ಹೆಚ್ಚಾದರೆ ಸುರಂಗದ ತಳ ಕೊರೆದುಹೋಗುತ್ತದೆ, ಕಡಿಮೆಯಾದರೆ ನೀರು ನಿಂತು ಹೂಳು ತುಂಬುತ್ತದೆ. ಆ ಲೆಕ್ಕವನ್ನು ಕತ್ತಲಲ್ಲಿ ಕುಳಿತು ಸಾಧಿಸಿದವರ ಕೈಚಳಕಕ್ಕೆ ಮದರಸದ ಮೀನಾರಿಗೆ ಕೊಡುವಷ್ಟೇ ಗೌರವವನ್ನಾದರೂ ನಾವು ಕೊಡಬೇಡವೇ?

ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದವಾದುದು; ಅದರ 20ಕ್ಕೂ ಹೆಚ್ಚು ಕಂಡಿಗಳು ಗುರುತಿಸಲ್ಪಟ್ಟಿವೆ. ಭೂಗೋಳ ಶಾಸ್ತ್ರಜ್ಞ ವಲ್ಲಿಯಿಲ್ ಗೋವಿಂದನ್‌ಕುಟ್ಟಿಯವರು ಅದರ ನಕ್ಷೆ ತಯಾರಿಸಿದರು; ಕಳೆದ ದಶಕದಲ್ಲಿ ಜಿಲ್ಲಾಡಳಿತ ಹೂಳು ತೆಗೆಸಿತು. ಕೇರಳದ ಕಾಲೇಜೊಂದರ ಭೂಗೋಳದ ಅಧ್ಯಾಪಕರು ಬಂದು ಮಾಡಿದ ಈ ಕೆಲಸದಲ್ಲಿ ನಮ್ಮ ಕನ್ನಡ ವಿಭಾಗಗಳ ಪಾಲೆಷ್ಟು ಎಂದು ನಾವೇ ಕೇಳಿಕೊಳ್ಳುವುದು ಒಳಿತು.

ಈ ವಿಮುಖತೆಗೆ ಒಂದು ಕಾರಣ ನಮ್ಮ ಆಕರಪ್ರಜ್ಞೆ. ಕೆರೆಯ ಬಗ್ಗೆ ನಮಗೆ ಶಾಸನಗಳಿವೆ. ಬಿತ್ತುವಟ್ಟ, ಕಟ್ಟುಗೊಡಗೆ, ತೂಬು ಎಂಬ ಪರಿಭಾಷೆಯಿದೆ. ಕಟ್ಟಿಸಿದವನ ಹೆಸರು, ಕಾಪಾಡಿದವನ ಪುಣ್ಯ, ಕೆಡಿಸಿದವನ ಪಾಪ ಎಲ್ಲವೂ ಹಳಗನ್ನಡದಲ್ಲಿ ಕಲ್ಲಿನ ಮೇಲಿವೆ. ಕೆರೆ ನಮ್ಮದು, ಕರೇಜ್ ಪಾರಸಿಯದು ಎಂದು ಬಾಯಿಬಿಟ್ಟು ಹೇಳದಿದ್ದರೂ ಪಠ್ಯಕ್ರಮದಲ್ಲಿ ಹಾಗೆಯೇ ನಡೆದುಕೊಂಡಿದ್ದೇವೆ. ತಂತ್ರದ ಮೂಲ ಇರಾನೆಂಬುದು ನಿಜ. 11ನೆಯ ಶತಮಾನದಲ್ಲಿಯೇ ಅಲ್-ಕರಜಿ ಎಂಬ ಗಣಿತಜ್ಞನು ಅಡಗಿದ ನೀರನ್ನು ಹೊರತೆಗೆಯುವ ವಿದ್ಯೆಯ ಮೇಲೆ ಗ್ರಂಥ ಬರೆದಿದ್ದನು. ಅಹಮದ್ ಶಾಹನು ಕಿರ್ಮಾನಿನ ಸೂಫಿ ನಿಯಾಮತುಲ್ಲಾರನ್ನು ಆಹ್ವಾನಿಸಿದನು, ಅವರು ಮೊಮ್ಮಗನನ್ನು ಕಳುಹಿಸಿದರು. ಆ ಕಿರ್ಮಾನ್ ಇಂತಹ ಸುರಂಗಗಳ ನೀರನ್ನೇ ನಂಬಿ ಬದುಕಿದ ನಾಡು. ಆದರೆ ಜಂಬಿಟ್ಟಿಗೆಯ ಗುಣವನ್ನು ಅರಿಯಬೇಕಾದರೆ ಜಂಬಿಟ್ಟಿಗೆಯ ಮೇಲೆ ಬದುಕಿದವರೇ ಬೇಕು. ಇಲ್ಲಿಯ ಬಂಡೆಯನ್ನು ಬಲ್ಲ ಕೈಗಳು ಸೇರದೆ ಬೀದರಿನಲ್ಲಿ ಕರೇಜ್ ಆಗಿರಲಾರದು ಎಂದೇ ನಾನು ಭಾವಿಸುತ್ತೇನೆ. ಇದೇ ಅಹಮದ್ ಶಾಹನ ಅಷ್ಟೂರಿನ ಗೋರಿಗೆ ಲಿಂಗಾಯತ ಜಂಗಮರು ಇಂದಿಗೂ ಉರುಸಿಗೆ ಬರುತ್ತಾರೆಂಬುದನ್ನು ನೆನೆದರೆ, ಒಳಗು ಹೊರಗು ಎಂಬ ನಮ್ಮ ಗೆರೆ ಎಷ್ಟು ಈಚಿನದೆಂದು ತಿಳಿಯುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣುತ್ತಾರೆ; ಗುರುನಾನಕರ ಝೀರಾದಲ್ಲಿ ಬಂಡೆಯಿಂದ ಒಸರುವ ನೀರನ್ನು ಅಮೃತವೆಂದು ಕುಡಿಯುತ್ತಾರೆ. ನೌಬಾದಿನಲ್ಲಿ ಹರಿಯುವುದೂ ಇದೇ ಜಂಬಿಟ್ಟಿಗೆಯ ನೀರು.

ಕರಾವಳಿಯನ್ನು ನೋಡಿ. ಬಂಟ್ವಾಳ, ಕಾಸರಗೋಡುಗಳ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತರುವ ಸಾಲುಗಳನ್ನು ಜನ 'ಸುರಂಗ'ವೆಂದೇ ಕರೆಯುತ್ತಾರೆ. ಅಲ್ಲಿ ಆ ಮಾತಿಗೆ ಅರಸನೂ ಇಲ್ಲ, ನಿಧಿಯೂ ಇಲ್ಲ. ತೋಟಕ್ಕೆ ನೀರು, ಅಷ್ಟೆ. ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ತೋಡಿ ಬೋಳುಗುಡ್ಡದಲ್ಲಿ ಅಡಿಕೆ ಬೆಳೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಕಾವ್ಯದ ಸುರಂಗದಿಂದ ಒಕ್ಕಲಿಗನ ಸುರಂಗದವರೆಗೆ ಆದ ಈ ಅರ್ಥಪಲ್ಲಟವನ್ನು ಭಾಷಾಶಾಸ್ತ್ರದ ವಿದ್ಯಾರ್ಥಿಯೊಬ್ಬನು ಹಿಡಿದರೆ ಒಳ್ಳೆಯ ಪ್ರಬಂಧವಾದೀತು. ವಿಜಯಪುರದಲ್ಲಿ ತೊರವಿಯಿಂದ ನಗರಕ್ಕೆ ಬರುವ ಆದಿಲಶಾಹಿ ಜಲಮಾರ್ಗಕ್ಕೂ 'ಸುರಂಗ ಬಾವಡಿ' ಎಂಬ ಹೆಸರೇ ಇದೆ ಎಂಬುದನ್ನು ಆತ ಮರೆಯಬಾರದು.

ಇದನ್ನು ಈಗ ಬರೆಯಲು ಕಾರಣವುಂಟು. ಕಂಡಿಯೆಂದರೆ ನೆಲದ ಮೇಲೆ ಕಾಣುವುದು ಒಂದು ಗುಂಡಿ. ಅದರ ಅರ್ಥ ತಿಳಿಯದವನಿಗೆ ಅದು ಕಸ ಸುರಿಯುವ ಜಾಗ, ಬಡಾವಣೆ ಮಾಡುವವನಿಗೆ ಮುಚ್ಚಬೇಕಾದ ಹಳ್ಳ. ಒಂದು ಕಂಡಿಯನ್ನು ಮುಚ್ಚಿದರೆ ಆ ಭಾಗದ ಸುರಂಗಕ್ಕೆ ಇಳಿಯುವ ದಾರಿ ಹೋಯಿತು. ಒಳಗೆ ಕುಸಿದರೆ ಸರಿಪಡಿಸುವ ಬಗೆಯಿಲ್ಲ. ಸುತ್ತಲೂ ಕೊಳವೆಬಾವಿಗಳು ಆಳಕ್ಕೆ ಇಳಿದರೆ ತಾಯಿಬಾವಿಯೇ ಬತ್ತುತ್ತದೆ. ಸ್ಮಾರಕವೆಂದು ಬಾಯಿಗೆ ಕಬ್ಬಿಣದ ಬೇಲಿ ಹಾಕಿ ಫಲಕ ನೆಟ್ಟರೆ ಸಾಲದು. ನೀರು ಬರುವ ನೆಲವೂ ಉಳಿಯಬೇಕು.

ನಮ್ಮ ವಿಭಾಗಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಪ್ರತಿಯೊಂದು ಕಂಡಿಗೂ ಆ ಓಣಿಯವರು ಏನೆಂದು ಹೆಸರಿಟ್ಟಿದ್ದಾರೆ, ಯಾರು ನೀರು ಸೇದುತ್ತಿದ್ದರು, ಹೂಳು ತೆಗೆಯಲು ಇಳಿಯುತ್ತಿದ್ದವರು ಯಾವ ಮನೆತನದವರು, ದಖ್ಖನಿಯಲ್ಲೂ ಗಡಿಭಾಗದ ಕನ್ನಡದಲ್ಲೂ ಅದಕ್ಕೆ ಇರುವ ಮಾತುಗಳೇನು ಎಂಬುದನ್ನು ಎಪ್ಪತ್ತು, ಎಂಬತ್ತು ದಾಟಿದವರಿಂದ ಕೇಳಿ ಬರೆದುಕೊಳ್ಳುವುದು. ಪದಕೋಶಕ್ಕೆ ಅದು ಸಾಮಗ್ರಿ; ಕಂದಾಯ ಇಲಾಖೆಯ ನಕ್ಷೆಯಲ್ಲಿ ಕಂಡಿಗಳನ್ನು ಗುರುತಿಸಿರೆಂದು ಅರ್ಜಿ ಕೊಡುವವರಿಗೆ ದಾಖಲೆ. ಮುಂದಿನ ಶೈಕ್ಷಣಿಕ ವರ್ಷದ ಕ್ಷೇತ್ರಕಾರ್ಯಕ್ಕೆ ವಿಷಯ ಹುಡುಕುತ್ತಿರುವ ಬೀದರ್, ಕಲಬುರಗಿ ಕಡೆಯ ಅಧ್ಯಾಪಕರು ಮಳೆಗಾಲಕ್ಕೆ ಮುನ್ನವೇ ಇದನ್ನು ಆರಂಭಿಸಬೇಕು. ಮಳೆ ಬಂದ ಮೇಲೆ ಕಂಡಿಗಳ ಬಳಿ ಹೋಗುವುದು ಅಪಾಯಕರ.