ದೊಡ್ಡ ಕೂಲರ್ ತರೋ ಮುಂಚೆ ಒದ್ದೆ ಬಟ್ಟೆ ಕಟ್ಟಿ ನೋಡಿ

ಬೇಸಿಗೆ ಬಂತೆಂದರೆ ನಮ್ಮ ಕಡೆ ರೇಷ್ಮೆ ಬೆಳೆಗಾರರದ್ದು ಒಂದೇ ಮಾತು: "ಹುಳು ಮನೆಗೆ ಕೂಲರ್ ಸಾಲ್ತಿಲ್ಲ, ಇನ್ನೂ ದೊಡ್ಡದು ತರಬೇಕು." ನನ್ನ ಪ್ರಕಾರ ಬಹಳಷ್ಟು ಕಡೆ ಬೇಕಿರೋದು ದೊಡ್ಡ ಕೂಲರ್ ಅಲ್ಲ. ಇರೋದನ್ನ ಯಾವಾಗ ಹಾಕಬೇಕು, ಯಾವಾಗ ಆರಿಸಬೇಕು ಅನ್ನೋ ಲೆಕ್ಕ.

ತಂಪು ಮಾಡೋದು ಫ್ಯಾನಲ್ಲ, ನೀರು. ನೀರು ಆವಿಯಾಗುವಾಗ ಗಾಳಿಯ ಶಾಖ ಹೀರಿಕೊಳ್ಳುತ್ತೆ. ಗಾಳಿ ಒಣಗಿದ್ದಷ್ಟೂ ಹೆಚ್ಚು ಆವಿಯಾಗುತ್ತೆ, ಹೆಚ್ಚು ತಂಪಾಗುತ್ತೆ.

ಎಷ್ಟು ತಂಪಾಗಬಹುದು ಅಂತ ತಿಳಿಯೋಕೆ ಎರಡು ಥರ್ಮಾಮೀಟರ್ ಸಾಕು. ಒಂದರ ಬುಡ್ಡೆಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ. ಎರಡನ್ನೂ ಹೊರಗೆ, ನೆರಳಲ್ಲಿ, ಗಾಳಿ ಆಡೋ ಕಡೆ ನೇತುಹಾಕಿ. ಏಪ್ರಿಲ್ ಮಧ್ಯಾಹ್ನ ಒಣದು 36, ಒದ್ದೆದು 23 ತೋರಿಸಿತು ಅಂದುಕೊಳ್ಳಿ. ವ್ಯತ್ಯಾಸ 13 ಡಿಗ್ರಿ. ಒಳ್ಳೆ ಪ್ಯಾಡ್ ಇದರಲ್ಲಿ ಶೇ 80ರಷ್ಟು, ಅಂದರೆ ಸುಮಾರು 10 ಡಿಗ್ರಿ ಇಳಿಸುತ್ತೆ. ಮಳೆ ಬಂದ ಸಂಜೆ 28 ಮತ್ತು 25 ಇದ್ದರೆ? ಎರಡೂವರೆ ಡಿಗ್ರಿನೂ ಇಳಿಯಲ್ಲ. ಕರೆಂಟ್ ಮಾತ್ರ ಅಷ್ಟೇ ಉರಿಯುತ್ತೆ.

ಬಿಲ್ಲಿಗಿಂತ ದೊಡ್ಡ ನಷ್ಟ ಬೇರೆ ಇದೆ. ಚಾಕಿ ಹುಳಕ್ಕೆ ಶೇ 85ರಷ್ಟು ತೇವ ಬೇಕು, ಸರಿ. ನಾಲ್ಕನೇ ಜ್ವರ ಎದ್ದ ಹುಳಕ್ಕೆ 70ರ ಆಸುಪಾಸು ಸಾಕು. ಅಂಥ ಸಂಜೆ ಕೂಲರ್ ಓಡಿಸಿ ಹಾಸಿಗೆ ಒದ್ದೆಯಾದರೆ ಸುಣ್ಣಕಟ್ಟು ರೋಗವನ್ನ ನಾವೇ ಕರೆದ ಹಾಗೆ. ಪಂಪ್ ಆರಿಸಿ, ಫ್ಯಾನ್ ಮಾತ್ರ ಬಿಡಿ, ಕಿಟಕಿ ತೆಗೀರಿ.

ಕೆಲವರು ಕೂಲರನ್ನ ಒಳಗಿಟ್ಟು ಬಾಗಿಲು, ಕಿಟಕಿ ಎಲ್ಲಾ ಮುಚ್ಚುತ್ತಾರೆ. ಆಗ ಅದೇ ಒದ್ದೆ ಗಾಳಿ ಸುತ್ತುತ್ತಾ ಇರುತ್ತೆ. ಕೂಲರ್ ಹೊರಗಿನ ಗಾಳಿ ಎಳೀಬೇಕು, ಎದುರು ಗೋಡೆಯಲ್ಲಿ ಗಾಳಿ ಹೋಗೋಕೆ ದಾರಿ ಇರಬೇಕು.

ಬೋರ್‌ವೆಲ್ ನೀರಿನ ಉಪ್ಪು ಪ್ಯಾಡಿನಲ್ಲಿ ಕಟ್ಟಿಕೊಂಡರೆ ಗಾಳಿ ಹಾಯಲ್ಲ. ಟ್ಯಾಂಕಿಗೆ ನೀರು ತುಂಬಿಸ್ತಾನೇ ಇರಬೇಡಿ, ಆಗಾಗ ಪೂರ್ತಿ ಖಾಲಿ ಮಾಡಿ ಹೊಸ ನೀರು ಬಿಡಿ. ವಿಎಫ್‌ಡಿ ಇರೋ ದೊಡ್ಡ ಎಕ್ಸಾಸ್ಟ್ ಫ್ಯಾನಿನ ವೇಗ ಶೇ 20 ಇಳಿಸಿದರೆ ಗಾಳಿ ಐದರಲ್ಲಿ ಒಂದು ಪಾಲು ಕಮ್ಮಿಯಾಗುತ್ತೆ, ಕರೆಂಟ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತೆ. ಬೆಳಗ್ಗೆ, ರಾತ್ರಿ ಅಷ್ಟು ಗಾಳಿ ಸಾಕು.

ಶೀಟಿನ ಮನೆಯಾದರೆ ಮೊದಲು ಮೇಲೆ ತೆಂಗಿನ ಗರಿ ಹೊದಿಸಿ. ಒಳಗೆ ಬರದ ಬಿಸಿಯನ್ನ ಹೊರಗೆ ಹಾಕೋಕೆ ಕರೆಂಟ್ ಬೇಕಿಲ್ಲ. ಇಷ್ಟೆಲ್ಲಾ ಮಾಡಿದ ಮೇಲೂ ಬಿಸಿ ಇಳಿಯದಿದ್ದರೆ ಅಂಗಡಿಗೆ ಹೋಗಿ, ನಾನು ಬೇಡ ಅನ್ನಲ್ಲ.