ಸ್ವಯಂಪಾಕ

ಸ್ವಯಂಪಾಕವೆಂಬ ಶಬ್ದವು ನಮ್ಮ ವಾಚಕರಲ್ಲಿ ವಯಸ್ಸಾದವರಿಗೆ ಪರಿಚಿತವಾದದ್ದೇ. ಪರಸ್ಥಳಕ್ಕೆ ಹೋದ ಆಚಾರವಂತನು ಅನ್ಯರು ಬೇಯಿಸಿದ್ದನ್ನು ಉಣ್ಣದೆ, ಮೂರು ಕಲ್ಲು ಹೂಡಿ ತಾನೇ ಅಟ್ಟು ಉಣ್ಣುವದಕ್ಕೆ ಹಿಂದೆ ಈ ಹೆಸರಿತ್ತು. ಆ ಆಚಾರದೊಳಗಿದ್ದ ಮಡಿ-ಮೈಲಿಗೆಯ ಭೇದಬುದ್ಧಿಯು ಹಿಂದೆ ಸರಿದದ್ದು ಲೇಸೇ ಆಯಿತು. ಆದರೆ ಅದರ ಸಂಗಡ ಒಂದು ಉಪಯುಕ್ತ ವಿದ್ಯೆಯೂ ಹೊರಟುಹೋದದ್ದನ್ನು ನಾವು ಯಾರೂ ಗಮನಿಸಲಿಲ್ಲ. ಗಂಡಸು ತನ್ನ ಅನ್ನವನ್ನು ತಾನು ಬೇಯಿಸಿಕೊಳ್ಳಲು ಬಲ್ಲವನಾಗಿದ್ದನು. ಈ ತಿಂಗಳು ಆ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಬರೆಯುವ ಅಧಿಕಾರವು ನಮಗೆ ತೀರ ಇತ್ತೀಚೆಗೆ, ಅದೂ ತಡವಾಗಿ, ಬಂದದ್ದೆಂಬದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಅಡಿಕೆಗೆ ೨೦೧೯ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಿಂದ ಭೌಗೋಲಿಕ ಗುರುತಿನ ಮನ್ನಣೆ ದೊರೆಯಿತು. ತೋಟಿಗರು ೧೯೨೩ರಷ್ಟು ಹಿಂದೆಯೇ ಶಿರಸಿಯಲ್ಲಿ ತಮ್ಮ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡವರು. ಬೆಳೆಗೆ ಹೆಸರು ಬಂದದ್ದು ಸಂತೋಷದ ಸಂಗತಿ. ಆದರೆ ಕೊಯ್ಲಿನ ಕಾಲದಲ್ಲಿ ರಾತ್ರಿ ಅಂಗಳದಲ್ಲಿ ಕುಳಿತು ಅಡಿಕೆ ಸುಲಿಯುವವರನ್ನು ಎಣಿಸಿದರೆ, ಅವರಲ್ಲಿ ಇಪ್ಪತ್ತೈದರ ಒಳಗಿನವರು ಬಹಳ ಮನೆಗಳಲ್ಲಿ ಇಲ್ಲ. ಅವರೆಲ್ಲ ಬೆಂಗಳೂರಿನ ಬಾಡಿಗೆಯ ಕೋಣೆಗಳಲ್ಲಿ ಇರುವರು. ಶಿರಸಿಗೆ ರೈಲು ಇಲ್ಲದ್ದರಿಂದ ರಾತ್ರಿ ಬಸ್ಸು ಹತ್ತಿ, ಸುಮಾರು ೪೦೦ ಕಿಲೋಮೀಟರು ದಾಟಿ, ಬೆಳಗಾಗುವಷ್ಟರಲ್ಲಿ ಇಳಿಯುವರು. ಅಲ್ಲಿ ಅವರು ಏನು ಉಣ್ಣುವರೆಂಬ ಪ್ರಶ್ನೆಯನ್ನು ತಾಯಂದಿರು ದಿನಾಲು ಕೇಳುತ್ತಾರೆ. ತಂದೆಗಳಾದ ನಾವು ಸಂಬಳವೆಷ್ಟೆಂದು ಕೇಳುತ್ತೇವೆ.

ದೂರದೂರಿಗೆ ಹೋದ ತರುಣರ ಊಟದ ಪ್ರಶ್ನೆಯು ಹೊಸದಲ್ಲ. ನಮ್ಮ ಹಿರಿಯರ ಕಾಲದಲ್ಲಿ ಬಡ ವಿದ್ಯಾರ್ಥಿಯು ವಾರಾನ್ನದಿಂದ ಬದುಕಿದನು. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ, ಹೀಗೆ ಏಳು ಮನೆಗಳ ಗೃಹಿಣಿಯರು ಕೂಡಿ ಒಬ್ಬನನ್ನು ಓದಿಸಿದರು. ನಾವು ಧಾರವಾಡದಲ್ಲಿ ಓದುವ ಹೊತ್ತಿಗೆ ಖಾನಾವಳಿಯ ದಿನಗಳು. ತಿಂಗಳ ಹಣ ಕೊಟ್ಟು, ಭಕ್ಕರಿ ಮುರಿಯಲು ಕಲಿತು, ಊರಿನ ಗಂಜಿಯನ್ನು ನೆನೆದು ಉಂಡೆವು. ಈಗಿನ ತರುಣನು ಕೈಯಲ್ಲಿಯ ಫೋನನ್ನು ಒತ್ತಿದರೆ ಅನ್ನವು ಡಬ್ಬಿಯಲ್ಲಿ ಬಾಗಿಲಿಗೆ ಬರುತ್ತದೆ. ವಾರಾನ್ನದ ವಿದ್ಯಾರ್ಥಿಗೆ ಬಡಿಸಿದವರ ಮುಖವಾದರೂ ಗೊತ್ತಿತ್ತು. ಇವನಿಗೆ ಬೇಯಿಸಿದವರ ಹೆಸರೂ ತಿಳಿಯದು.

ನಮ್ಮ ಮಗನೂ ಇಂಥವರಲ್ಲಿ ಒಬ್ಬನು. ಒಬ್ಬ ಸಿದ್ದಾಪುರದ, ಒಬ್ಬ ಯಲ್ಲಾಪುರದ ಗೆಳೆಯನ ಸಂಗಡ ಒಂದೇ ಮನೆಯಲ್ಲಿ ಇರುತ್ತಾನೆ. ಮೊದಲಿನ ಒಂದೂವರೆ ವರುಷ ಮೂವರೂ ಡಬ್ಬಿಯ ಅನ್ನವನ್ನೇ ಉಂಡರು. ರಾತ್ರಿ ಹನ್ನೊಂದಕ್ಕೆ ಖಾರದ ಊಟ, ಬೆಳಿಗ್ಗೆ ಬರಿ ಚಹ. ನಮ್ಮ ಮಗನಿಗೆ ಹೊಟ್ಟೆಯುರಿ ಹಿಡಿಯಿತು. ವೈದ್ಯರು ಗುಳಿಗೆ ಕೊಟ್ಟು, ಹೊತ್ತಿಗೆ ಸರಿಯಾಗಿ ಸಪ್ಪೆ ಊಟ ಮಾಡೆಂದು ಹೇಳಿದರು. ಆಗ ಅವನು ತಾನೇ ಅಡಿಗೆ ಮಾಡಲು ನಿಶ್ಚಯಿಸಿ, ಭಾದ್ರಪದದ ಒಂದು ರಾತ್ರಿ ನಮಗೆ ಫೋನು ಮಾಡಿದನು.

“ಅಪ್ಪಯ್ಯಾ, ಆಯಿ ಒಂದೆಲಗದ ತಂಬುಳಿ ಹ್ಯಾಂಗೆ ಮಾಡ್ತಿತ್ತು?”

ಅವನ ಆಯಿ ತೀರಿಕೊಂಡು ಆಗ ಹದಿನಾಲ್ಕು ತಿಂಗಳಾಗಿತ್ತು. ಮೂವತ್ತು ವರುಷಕ್ಕೂ ಮಿಕ್ಕು ಅವರ ಕೈಯ ತಂಬುಳಿಯನ್ನು ಉಂಡ ನಾವು ಉತ್ತರ ಕೊಡಲಾರದೆ ಹೋದೆವು. ಶಾಲೆಯಲ್ಲಿ ಎಂಥ ಸಮಾಸವನ್ನಾದರೂ ಬಿಡಿಸಿ ತೋರಿಸಿದವರು ನಾವು. ಹಸುರು ಬಣ್ಣ, ಮಜ್ಜಿಗೆಯ ಹುಳಿ, ಇಷ್ಟರ ಹೊರತು ನಮಗೆ ಏನೂ ಗೊತ್ತಿರಲಿಲ್ಲ. “ನಾಳೆ ಹೇಳ್ತೆ, ಮಾಣಿ,” ಎಂದು ಫೋನು ಇಟ್ಟೆವು.

ಅಂದಿನ ರಾತ್ರಿ ನಿದ್ರೆ ಬರಲಿಲ್ಲ. ನೆನಪಾದದ್ದು ಇದು. ಮಾಣಿಗೆ ಹನ್ನೆರಡು ವರುಷವಿದ್ದಾಗ ಅವನು ಸಂಜೆಯ ಹೊತ್ತು ಅಡಿಗೆಮನೆಯಲ್ಲಿ ತಾಯಿಯ ಪಕ್ಕದಲ್ಲಿ ನಿಂತು ಕಾಯಿ ತುರಿದು ಕೊಡುತ್ತಿದ್ದನು. ಅದು ನಮಗೆ ಸರಿಬರಲಿಲ್ಲ. “ಅಲ್ಲಿ ನಿನಗೆ ಏನು ಕೆಲಸ?” ಎಂದು ಗದರಿಸಿ, ಜಗಲಿಗೆ ಕರೆದು, ಶಬ್ದರೂಪಗಳನ್ನು ಬಾಯಿಪಾಠಕ್ಕೆ ಕೂಡ್ರಿಸಿದೆವು. ಅವನ ಆಯಿ ಒಂದು ಮಾತೂ ಆಡಲಿಲ್ಲ. ಅರ್ಧ ತುರಿದ ಕಾಯಿಯನ್ನು ತಾವೇ ತುರಿದು ಮುಗಿಸಿದರು. ಆ ಶಬ್ದರೂಪಗಳು ಈಗ ಅವನ ಉದ್ಯೋಗದಲ್ಲಿ ಬೇಕಾಗುವದಿಲ್ಲ. ತಂಬುಳಿಯು ಬೇಕಾಯಿತು.

ಅಡಿಗೆಯು ಹೆಂಗಸರ ಕೆಲಸವೆಂದು ನಮಗೆ ಹೇಳಿಕೊಟ್ಟವರು ಯಾರು? ಶಾಸ್ತ್ರವಂತೂ ಅಲ್ಲ. ವಿರಾಟನ ಮನೆಯಲ್ಲಿ ಭೀಮನು ಬಲ್ಲವನೆಂಬ ಹೆಸರಿನಿಂದ ಬಾಣಸಿಗನಾಗಿದ್ದನು. ರೂಪಗೆಟ್ಟು ಬಾಹುಕನಾಗಿದ್ದ ನಳನು ಬೇಯಿಸಿದ್ದನ್ನು ದಮಯಂತಿಯು ತರಿಸಿ ರುಚಿ ನೋಡಿ, ಇದು ತನ್ನ ಗಂಡನ ಕೈಯೇ ಎಂದು ಗುರುತಿಸಿದಳು. ನಮ್ಮ ಕನ್ನಡದಲ್ಲಿಯೇ ೧೦೨೫ರ ಸುಮಾರಿಗೆ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಅಡಿಗೆಯ ವಿಷಯವಿದೆ. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಸಂಸ್ಕೃತದ ಮಾನಸೋಲ್ಲಾಸದಲ್ಲಿ ಅನ್ನಭೋಗವನ್ನು ವಿಸ್ತಾರವಾಗಿ ವರ್ಣಿಸಿದನು. ೧೬ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಗ್ರಂಥವನ್ನೇ ರಚಿಸಿದನು. ಇವನ್ನೆಲ್ಲ ನಾವು ತರಗತಿಯಲ್ಲಿ ಹೇಳಿ, ಮನೆಗೆ ಬಂದು ಎಲೆಯ ಮುಂದೆ ಕುಳಿತವರು.

ಮರುದಿನ ಬೆಳಿಗ್ಗೆ ಒಂದು ವಹಿಯನ್ನು ಹಿಡಿದು ಪಕ್ಕದ ಮನೆಯ ಅಜ್ಜಿಯ ಬಳಿಗೆ ಹೋದೆವು. ಅವರು ಮೊದಲು ನಕ್ಕರು, ಆಮೇಲೆ ನಮ್ಮ ಮುಖವನ್ನು ನೋಡಿ ನಗುವದನ್ನು ನಿಲ್ಲಿಸಿ, ಹೇಳಿ ಬರೆಯಿಸಿದರು. ಆದರೂ ಮಾಡಿ ನೋಡದೆ ಮಗನಿಗೆ ಹೇಳಲು ಮನಸ್ಸಾಗಲಿಲ್ಲ. ಮೊದಲ ಸಲ ಎಲೆಯನ್ನು ಹುರಿಯದೆ ಹಾಗೆಯೇ ಬೀಸಿದೆವು. ಹಸಿ ವಾಸನೆಯಿಂದ ಉಣ್ಣಲಾಗಲಿಲ್ಲ. ಎರಡನೆಯ ಸಲ, ಬಿಸಿ ಇದ್ದರೆ ಚೆನ್ನಾದೀತೆಂದು ಒಲೆಯ ಮೇಲೆ ಇಟ್ಟೆವು. ಮಜ್ಜಿಗೆ ಒಡೆದು ನೀರು ಬೇರೆ, ಗಸಿ ಬೇರೆ ಆಯಿತು. ಮೂರನೆಯ ಸಲ ಅದು ತಂಬುಳಿ ಆಯಿತು. ಅದರ ಕ್ರಮವನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇವೆ.

ಇಬ್ಬರಿಗೆ ಒಂದು ಹಿಡಿ ಒಂದೆಲಗದ ಎಲೆ ಸಾಕು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ ಮತ್ತು ೪-೫ ಕಾಳುಮೆಣಸುಗಳನ್ನು ಹುರಿದು, ಜೀರಿಗೆ ಚಿಟಗುಟ್ಟಿದ ಮೇಲೆ ಎಲೆ ಹಾಕಿ ಬಾಡಿಸಬೇಕು. ಆರಿದ ಬಳಿಕ ಕಾಲು ಬಟ್ಟಲು ಕಾಯಿತುರಿ ಕೂಡಿಸಿ ನುಣ್ಣಗೆ ಬೀಸಿ, ಒಂದೂವರೆ ಬಟ್ಟಲು ಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿ, ಸಾಸಿವೆಯ ಒಗ್ಗರಣೆ ಕೊಡಬೇಕು. ಕುದಿಸಬಾರದು. ಒಂದೆಲಗ ಸಿಗದಿದ್ದರೆ ದೊಡ್ಡಪತ್ರೆಯಾದೀತು. ದೊಡ್ಡಪತ್ರೆಯ ಒಂದು ಟೊಂಗೆಯನ್ನು ಮುರಿದು ಕುಂಡದಲ್ಲಿ ಊರಿದರೆ ಬೇರು ಬಿಡುತ್ತದೆ. ಬೆಂಗಳೂರಿನ ಕಿಟಕಿಯ ಬಿಸಿಲೂ ಅದಕ್ಕೆ ಸಾಕು.

ಮಗನು ಹೇಳಿದಂತೆ ಮಾಡಿದನು. ಆ ರಾತ್ರಿಯ ಫೋನಿನಲ್ಲಿ, “ಚೊಲೋ ಆಜು ಅಪ್ಪಯ್ಯಾ, ಆದರೆ ಆಯಿದು ಹೀಂಗೆ ಇರ್ತಿತ್ತಿಲ್ಲೆ,” ಎಂದನು. ನಾವು ಸುಮ್ಮನಾದೆವು. ಸ್ವಲ್ಪ ಹೊತ್ತಿನ ಮೇಲೆ ಅವನೇ, “ಎಳ್ಳು,” ಎಂದನು. ಜೀರಿಗೆಯ ಜತೆಗೆ ಆಯಿ ಒಂದು ಚಮಚ ಬಿಳಿ ಎಳ್ಳನ್ನು ಹುರಿಯುತ್ತಿದ್ದರೆಂದೂ, ಅದು ಸಿಡಿಯುವದನ್ನು ತಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆನೆಂದೂ ಹೇಳಿದನು. ನಾವು ಜಗಲಿಗೆ ಕರೆಯುವ ಮುಂಚೆ ಅವನು ಅಷ್ಟನ್ನು ನೋಡಿಕೊಂಡಿದ್ದನು. ಮರುದಿನ ನಾವೂ ಎಳ್ಳು ಹಾಕಿ ಮಾಡಿದೆವು. ಒಬ್ಬರೇ ಕುಳಿತು ಉಂಡೆವು. ರುಚಿಯು ಅದೇ.

ಈಗ ಆ ಮೂವರು ತರುಣರ ಮನೆಯಲ್ಲಿ ಒಬ್ಬನು ಬೇಯಿಸುತ್ತಾನೆ, ಒಬ್ಬನು ಪಾತ್ರೆ ತಿಕ್ಕುತ್ತಾನೆ, ಒಬ್ಬನು ಸಂತೆ ತರುತ್ತಾನೆ. ವಾರಕ್ಕೊಮ್ಮೆ ಪಾಳಿ ಬದಲು. ಸಿದ್ದಾಪುರದ ತಾಯಿ ಅಘನಾಶಿನಿಯ ದಂಡೆಯ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನೂ, ಯಲ್ಲಾಪುರದ ತಾಯಿ ಹಲಸಿನ ಹಪ್ಪಳವನ್ನೂ ರಾತ್ರಿ ಬಸ್ಸಿನಲ್ಲಿ ಕಳಿಸುತ್ತಾರೆ. ನಮ್ಮ ಮನೆಯಿಂದ ಜೋನಿ ಬೆಲ್ಲ ಹೋಗುತ್ತದೆ. ದಣಿದು ಬಂದ ದಿನ ಗಂಜಿ, ತುಪ್ಪ, ಮಿಡಿ. ಮಾವಿನ ಕಾಲದಲ್ಲಿ ಅಪ್ಪೆಹುಳಿ. ಅಪ್ಪೆಹುಳಿಗೆ ಹುಳಿ ಮಾವಿನಕಾಯನ್ನು ಬೇಯಿಸಿ ಹಿಚುಕಿ, ನೀರಿನಲ್ಲಿ ತೆಳ್ಳಗೆ ಕದಡಿ, ಉಪ್ಪು ಹಾಕಿ, ಇಂಗು ಮತ್ತು ಒಣಮೆಣಸಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಅದನ್ನು ಕುಡಿದರೆ ಒಳ್ಳೆ ನಿದ್ರೆ ಬರುವದೆಂದು ನಮ್ಮ ಕಡೆಯ ಜನರ ಮಾತು. ಹೊಟ್ಟೆಯುರಿ ಇರುವವರು ಮಾತ್ರ ಹುಳಿ-ಖಾರಗಳಲ್ಲಿ ಮಿತಿಯಲ್ಲಿರತಕ್ಕದ್ದು. ನಮ್ಮವನು ಅಪ್ಪೆಹುಳಿಯ ದಿನ ಹಾಲನ್ನ ಉಣ್ಣುತ್ತಾನೆ.

ಇನ್ನೊಂದು ಎಚ್ಚರಿಕೆ. ಒಬ್ಬೊಬ್ಬರೇ ಇರುವ ತರುಣರು ಬೆಳಿಗ್ಗೆ ಮಾಡಿದ ಅನ್ನವನ್ನು ಹೊರಗೇ ಇಟ್ಟು ರಾತ್ರಿ ಉಣ್ಣುವ ರೂಢಿಯುಂಟು. ಅನ್ನದಲ್ಲಿ ಬೇಯಿಸಿದರೂ ಸಾಯದ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜಗಳಿರುತ್ತವೆ. ಅವು ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷವನ್ನು ಹುಟ್ಟಿಸುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷವು ಹೋಗುವದಿಲ್ಲ. ಆದಕಾರಣ ಉಳಿದ ಅನ್ನವನ್ನು ಎರಡು ತಾಸಿನೊಳಗೆ ಫ್ರಿಜ್ಜಿನಲ್ಲಿ ಇಡಬೇಕು. ಫ್ರಿಜ್ಜು ಇಲ್ಲದವನು ಆ ಹೊತ್ತಿಗೆ ಬೇಕಾದಷ್ಟೇ ಬೇಯಿಸಬೇಕು. ಒಬ್ಬನಿಗೆ ಅರ್ಧ ಲೋಟ ಅಕ್ಕಿ, ಒಂದು ಲೋಟ ನೀರು ಸಾಕಾಗುವದು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟು. ಮನೆಯ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಹದಿನೈದು ತುಂಬುವದರೊಳಗೆ ಅನ್ನ, ಒಂದು ತಂಬುಳಿ, ಒಂದು ಸಾರು, ದೋಸೆ, ಇಷ್ಟನ್ನು ಕಲಿಸಿರಿ. ಈಗ ಹೆಣ್ಣುಮಕ್ಕಳೂ ಉದ್ಯೋಗಕ್ಕಾಗಿ ದೂರ ಹೋಗುತ್ತಾರೆ; ದಿನವೆಲ್ಲ ದುಡಿದು ಬಂದವಳು ಒಬ್ಬಳೇ ಒಲೆಯ ಮುಂದೆ ನಿಲ್ಲುವ ಸಂಸಾರವು ಸುಖವಾಗಿ ನಡೆಯಲಾರದು. ಹಾಗೆಯೇ ನಮ್ಮ ವಯಸ್ಸಿನ ಗಂಡಸರೂ ಕಲಿಯಬೇಕು, ಅದೂ ಕಲಿಸುವವರು ಮನೆಯಲ್ಲಿ ಇರುವಾಗಲೇ ಕಲಿಯಬೇಕು. ನಮ್ಮ ವಹಿಯಲ್ಲಿ ಈಗ ಹದಿನೇಳು ಅಡಿಗೆಗಳಿವೆ. ಅವುಗಳಲ್ಲಿ ಒಂದನ್ನೂ ನಾವು ಕೇಳಬೇಕಾದವರಿಂದ ಕೇಳಿ ಬರೆದುಕೊಳ್ಳಲಿಲ್ಲ.

ದೀಪಾವಳಿಗೆ ಮಾಣಿ ಬರುತ್ತಾನೆ. ಬಾವಿಯ ಹತ್ತಿರದ ಒಂದೆಲಗವು ಈ ಮಳೆಗಾಲದಲ್ಲಿ ಚೆನ್ನಾಗಿ ಹಬ್ಬಿದೆ. ಅಡಿಗೆಮನೆಯಲ್ಲಿ ಅವನು ನಿಂತರೆ, ಈ ಸಲ ಕಾಯಿ ತುರಿಯುವ ಕೆಲಸ ನಮ್ಮದು.