ಹಿಮನದಿ ಇದ್ದ ಜಾಗದ ಕೊಲ್ಲಿ

ಬನ್ನೇರುಘಟ್ಟ ರಸ್ತೆಯಲ್ಲಿ ಗೊಟ್ಟಿಗೆರೆಯ ಆಸುಪಾಸಿನಲ್ಲಿ ವಾಸಿಸುವ ನಮ್ಮಂಥವರಿಗೆ ಸೆಪ್ಟೆಂಬರ್ ಬಂತೆಂದರೆ ಒಂದು ಬಗೆಯ ಆಮಂತ್ರಣ ತಪ್ಪಿದ್ದಲ್ಲ. ಮಗನೋ ಮಗಳೋ ಸಿಯಾಟಲ್‌ನಲ್ಲಿರುವ ನೆರೆಯ ಹಿರಿಯ ದಂಪತಿಗಳು ಐದಾರು ತಿಂಗಳ ವಾಸ ಮುಗಿಸಿ ಮರಳಿರುತ್ತಾರೆ. ಕಾಫಿಗೆ ಕರೆಯುತ್ತಾರೆ. ಕಾಫಿಯ ಜೊತೆಗೆ ಅಲಾಸ್ಕ ಬರುತ್ತದೆ. ಏಳು ದಿನಗಳ ಹಡಗಿನ ಯಾತ್ರೆ. ಕೆಚಿಕಾನ್‌ನ ಕೆತ್ತನೆಯ ಕಂಬಗಳು. ಸ್ಕ್ಯಾಗ್ವೆಯಲ್ಲಿ ಚಿನ್ನದ ಹುಚ್ಚಿನ ಕಾಲದಲ್ಲಿ ಹಾಕತೊಡಗಿ 1900ರಲ್ಲಿ ಮುಗಿಸಿದ ಪುಟ್ಟ ರೈಲು. ಕೊನೆಗೆ, ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ತೋರಿಸುವ ನೀಲಿ ಹಿಮದ ಗೋಡೆ.

ಈ ವರ್ಷ ನನ್ನನ್ನು ಕರೆದವರು ಮೂವತ್ತು ವರ್ಷ ಭೂಗೋಳ ಪಾಠ ಹೇಳಿ ನಿವೃತ್ತರಾದವರು. "ಈ ಹಿಮನದಿಯ ಹೆಸರೇನು?" ಎಂದು ಕೇಳಿದೆ. ಅವರಿಗೆ ನೆನಪಾಗಲಿಲ್ಲ. ಹಡಗಿನಲ್ಲಿ ಎರಡನೆಯ ದಿನದಿಂದ ಅನ್ನ, ಮೊಸರು ಸಿಕ್ಕಿದ್ದು ಚೆನ್ನಾಗಿ ನೆನಪಿತ್ತು. ಹಡಗು ಹಿಂತಿರುಗುವಾಗ ಕೆನಡದ ವಿಕ್ಟೋರಿಯ ಬಂದರಿಗೆ ಸಂಜೆಯ ಮಟ್ಟಿಗೆ ಮುಟ್ಟುವುದರಿಂದ ಅಮೆರಿಕದ ವೀಸಾದ ಮೇಲೆ ಕೆನಡದ ವೀಸಾವನ್ನೂ ಪಡೆಯಬೇಕಾದ ತಾಪತ್ರಯ ಇನ್ನೂ ಚೆನ್ನಾಗಿ ನೆನಪಿತ್ತು. (ಪರದೇಶದ ಬಾವುಟ ಹೊತ್ತ ಹಡಗು ತನ್ನ ದೇಶದೊಳಗೇ ಒಂದು ಬಂದರಿನಿಂದ ಇನ್ನೊಂದಕ್ಕೆ ಜನರನ್ನು ಸಾಗಿಸಬಾರದೆಂದು ಅಮೆರಿಕ 1886ರಲ್ಲಿ ಮಾಡಿದ ಕಾನೂನಿನ ಫಲವಿದು. ನಮ್ಮ ಹಿರಿಯರ ಪೆಟ್ಟಿಗೆಯಲ್ಲಿ ಕಾಗದಗಳ ಕಟ್ಟು ದಪ್ಪವಾಗುವುದಕ್ಕೆ ಇಷ್ಟು ಹಳೆಯ ಕಾರಣವಿದೆ.) ನಾನು ನಗುವವನಿದ್ದೆ. ಅಷ್ಟರಲ್ಲಿ ಅವರು ಮೆಲ್ಲಗೆ, "ಹೆಸರು ಗೊತ್ತಿಲ್ಲ ಸ್ವಾಮಿ, ಆದರೆ ಅದು ಮುರಿದು ಬಿದ್ದಾಗ ನನಗರಿವಿಲ್ಲದೆ ಕೈ ಮುಗಿದೆ" ಎಂದರು. ನಗು ಅಲ್ಲಿಗೇ ನಿಂತಿತು.

ಇಂಥ ಯಾತ್ರೆಗೆ ಹೋಗುವುದೇ ತಪ್ಪೆಂದು ವಾದಿಸುವ ತರುಣ ಮಿತ್ರರು ನನಗಿದ್ದಾರೆ. ಸಾವಿರಾರು ಜನರನ್ನು ಹೊತ್ತ ಹತ್ತು ಹನ್ನೆರಡು ಅಂತಸ್ತಿನ ಹಡಗು ಎಣ್ಣೆ ಸುಟ್ಟು, ಕರಗುತ್ತಿರುವ ಹಿಮವನ್ನು ನೋಡಲು ಹೋಗುವುದು ರೋಗಿಯ ಕೋಣೆಯಲ್ಲಿ ಹೊಗೆಯೆಬ್ಬಿಸಿ ಕ್ಷೇಮ ವಿಚಾರಿಸಿದಂತೆ ಎಂಬುದು ಅವರ ಮಾತು. ಮಾತಿನಲ್ಲಿ ಸತ್ಯವಿದೆ. ಆದರೆ ಸಮುದ್ರವನ್ನೇ ನಿವೃತ್ತಿಯ ತನಕ ಕಾಣದ ಮೇಷ್ಟರಿಗೆ ಈ ಸಂಯಮದ ಉಪದೇಶ ಮೊದಲು ಸಲ್ಲಬೇಕೆಂದು ನನಗೆ ತೋರುವುದಿಲ್ಲ. ಅಲ್ಲದೆ ಆ ಊರುಗಳವರು ಬಾಯಿಲ್ಲದವರೇನೂ ಅಲ್ಲ. ಅಲಾಸ್ಕದ ರಾಜಧಾನಿಯಾದ ಜೂನೋ ಹೊರಗಿನಿಂದ ರಸ್ತೆಯೇ ಇಲ್ಲದ ಊರು. ಜನಸಂಖ್ಯೆ ಮೂವತ್ತು ಸಾವಿರಕ್ಕಿಂತ ತುಸು ಹೆಚ್ಚು. 2023ರ ಒಂದೇ ಬೇಸಗೆಯಲ್ಲಿ ಅಲ್ಲಿಗೆ ಹಡಗಿನಿಂದಿಳಿದವರು 16 ಲಕ್ಷಕ್ಕೂ ಮೇಲೆ. ದಿನಕ್ಕೆ ಐದಕ್ಕಿಂತ ಹೆಚ್ಚು ದೊಡ್ಡ ಹಡಗುಗಳು ಬೇಡವೆಂದು ಊರು ಹಡಗಿನ ಒಡೆಯರೊಡನೆ ಒಪ್ಪಂದ ಮಾಡಿಕೊಂಡಿತು. 2024ರಿಂದ ಅದು ಜಾರಿಗೆ ಬಂತು. ಅದೇ ವರ್ಷ, ಶನಿವಾರಗಳಂದು ದೊಡ್ಡ ಹಡಗುಗಳೇ ಬೇಡವೆಂಬ ಸೂಚನೆಯನ್ನು ಅದೇ ಜನ ಮತ ಹಾಕಿ ತಳ್ಳಿಹಾಕಿದರು. ಅನ್ನವೂ ಬೇಕು, ಶಾಂತಿಯೂ ಬೇಕು. ಈ ಇಕ್ಕಟ್ಟನ್ನು ಬೆಂಗಳೂರಿನವರಾದ ನಾವು ಅರಿಯದವರಲ್ಲ.

ನನ್ನ ತಕರಾರು ಹೋಗುವುದರ ಬಗೆಗಲ್ಲ. ಹೋಗಿಬಂದ ಮೇಲಿನ ಮೌನದ ಬಗೆಗೆ.

ನಮ್ಮ ಮೇಷ್ಟರ ಹಡಗು ಹೊಕ್ಕಿದ್ದು ಗ್ಲೇಷಿಯರ್ ಬೇ ಎಂಬ ಕೊಲ್ಲಿಯನ್ನು. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ಕಡೆಯವರು ಅತ್ತ ಸುಳಿದಾಗ ಅಲ್ಲಿ ಕೊಲ್ಲಿಯೆಂಬುದೇ ಇರಲಿಲ್ಲ. ದಡ ಐದು ಮೈಲಿಯಷ್ಟು ಒಳಸರಿದಿತ್ತು, ಅದರಾಚೆ ಹಿಮದ ಗೋಡೆ. 1879ರಲ್ಲಿ ಜಾನ್ ಮ್ಯೂರ್ ದೋಣಿಯಲ್ಲಿ ಹೋದಾಗ ಆ ಗೋಡೆ 30 ಮೈಲಿಗಿಂತಲೂ ಹಿಂದೆ ಸರಿದಿತ್ತು. 1916ರ ಹೊತ್ತಿಗೆ ಸುಮಾರು 60 ಮೈಲಿ. ಈ ಮೊದಲ ಹಿಂಜರಿತವೆಲ್ಲ ನಮ್ಮ ಹೊಗೆಯಿಂದಾದುದೆಂದು ಹೇಳಿದರೆ ಅದು ಅತಿಮಾತಾಗುತ್ತದೆ. ಶತಮಾನಗಳ ಕಾಲ ಉತ್ತರವನ್ನು ನಡುಗಿಸಿದ ಒಂದು ಚಳಿಗಾಲದ ಯುಗ ಆಗ ಮುಗಿಯುತ್ತಿತ್ತು. ನಮ್ಮ ಪಾಲು ಅನಂತರದ್ದು. ಆದರೆ ಯಾವುದು ಪ್ರಕೃತಿಯ ಪಾಲು, ಯಾವುದು ನಮ್ಮದು ಎಂದು ಇಂದು ಬಿಡಿಸಿ ಹೇಳಲು ಸಾಧ್ಯವಾದದ್ದು ಹೇಗೆ? ನೋಡಿದವರು ನೋಡಿದ್ದನ್ನು, ನೋಡಿದ ದಿನಾಂಕದೊಡನೆ, ಬರೆದಿಟ್ಟದ್ದರಿಂದ. ವ್ಯಾಂಕೂವರನ ಜನ ಹಿಮದ ಶಾಸ್ತ್ರಜ್ಞರಲ್ಲ, ನಾವಿಕರು.

ಅಲ್ಲಿಯ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಲೆಕ್ಕವಂತೂ ಇನ್ನೂ ಹಳೆಯದು. 18ನೆಯ ಶತಮಾನದಲ್ಲಿ ಮುನ್ನುಗ್ಗಿ ಬಂದ ಹಿಮ ಅವರನ್ನು ಹಳ್ಳಿಗಳಿಂದ ಒಕ್ಕಲೆಬ್ಬಿಸಿತು. ಅವರು ಕೊಲ್ಲಿಯ ಹೊರಗೆ ಹೂನ ಎಂಬಲ್ಲಿ ನೆಲೆಸಿದರು. ಹಿಮ ಹಿಂದಕ್ಕೆ ಸರಿದ ಮೇಲೆ ಆ ನೀರಿಗೆ ಅವರಿಟ್ಟ ಹೆಸರಿನ ಅರ್ಥ 'ಹಿಮನದಿ ಇದ್ದ ಜಾಗದ ಕೊಲ್ಲಿ' ಎಂದು. 1925ರಲ್ಲಿ ಸರ್ಕಾರ ಆ ಪ್ರದೇಶವನ್ನು ರಕ್ಷಿತವೆಂದು ಸಾರಿದಾಗ ಅವರ ಹಕ್ಕುಗಳನ್ನು ಗಣಿಸಲಿಲ್ಲ. ಆ ದಡದಲ್ಲಿ ಅವರ ಕುಲಮನೆಯೊಂದು ಮತ್ತೆ ಎದ್ದು ನಿಂತದ್ದು 2016ರಲ್ಲಿ. ಅಷ್ಟು ಕಾಲವೂ ಹೆಸರು ಮಾತ್ರ ಅವರ ಬಾಯಲ್ಲಿ ಉಳಿದಿತ್ತು.

ಆ ಹೆಸರನ್ನು ಕೇಳಿದಂದಿನಿಂದ ನನ್ನ ಮನಸ್ಸು ಬೆಂಗಳೂರಿನಲ್ಲಿ ಸುತ್ತುತ್ತಿದೆ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಕ್ರೀಡಾಂಗಣ. ನಾವು ಅವನ್ನು ಮೆಜೆಸ್ಟಿಕ್ ಎನ್ನುತ್ತೇವೆ, ಕಂಠೀರವ ಎನ್ನುತ್ತೇವೆ. ಸಂಪಂಗಿರಾಮನಗರವೆಂಬ ಬಡಾವಣೆಯ ಹೆಸರಿನಲ್ಲಿ, ಮೆಜೆಸ್ಟಿಕ್ಕಿನ ಪಕ್ಕದ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಿ ನೀರಿನ ಗುರುತು ಇಷ್ಟಿಷ್ಟು ಉಳಿದಿದೆಯೆಂಬುದು ನಿಜ. ನಾವು ಇಟ್ಟುಕೊಂಡದ್ದಲ್ಲ, ಅಳಿಸಲು ಮರೆತದ್ದು. ಗೊಟ್ಟಿಗೆರೆಯ ಕೆರೆ ಇನ್ನೂ ಇದೆ, ಹೆಸರಿನಲ್ಲೂ ನೆಲದ ಮೇಲೂ. ಅದರ ಏರಿ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ, ಕೋಡಿ ಯಾವ ಕಡೆಗೆ ಎಂದು ನಮ್ಮ ಬೀದಿಯಲ್ಲಿ ಎಷ್ಟು ಜನ ಹೇಳಬಲ್ಲರು?

ನೀರು ತಾನಾಗಿ ನೆನಪು ಮಾಡಿಕೊಡುವ ರೀತಿ ಬೇರೆ. 2019ರ ನವೆಂಬರ್ 24ರಂದು ನಮ್ಮ ನೆರೆಯ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಜೂನೋದವರ ಮೆಂಡೆನ್‌ಹಾಲ್ ಹಿಮನದಿಯ ಮಗ್ಗುಲಲ್ಲಿ ಇಂಥದೇ ಕಥೆ. ಒಂದು ಉಪಹಿಮನದಿ ಕರಗಿ ಹಿಂದೆ ಸರಿದು ಕಣಿವೆಯೊಂದು ಬರಿದಾಯಿತು. ಅಲ್ಲಿ ಮಳೆಯ ನೀರೂ ಕರಗಿದ ನೀರೂ ತುಂಬುತ್ತದೆ. ಅದಕ್ಕೆ ಏರಿಯಾಗಿ ನಿಂತಿರುವುದು ಹಿಮವೇ. ನೀರು ಹಿಮದಡಿಯಲ್ಲಿ ದಾರಿ ಕಂಡುಕೊಂಡಿತೆಂದರೆ ಊರಿನ ಹೊಳೆ ಉಕ್ಕುತ್ತದೆ. 2011ರಿಂದ ಅದು ಹೀಗೆ ಉಕ್ಕುತ್ತಿದೆ. 2023ರ ಆಗಸ್ಟಿನಲ್ಲಿ ಇಡೀ ಮನೆಯೊಂದು ಹೊಳೆಗೆ ಕುಸಿದುಬಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಸಿಕ್ಕಿಮಿನ ದಕ್ಷಿಣ ಲೊನಾಕ್ ಹಿಮಸರೋವರ ಒಡೆದು ತೀಸ್ತಾ ನದಿಯ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಹಿಮಾಲಯದ ಹಿಮನದಿಗಳನ್ನು ಉಪಗ್ರಹದ ಚಿತ್ರಗಳಿಂದ ಅಳೆಯುವ ವಿದ್ವಾಂಸರು ನಮ್ಮೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚ ಕೇಂದ್ರದಲ್ಲಿ ಕೆಲಸ ಮಾಡಿದ್ದಾರೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಮೇಷ್ಟರ ಚಿತ್ರದಲ್ಲಿದ್ದ ನೀಲಿ ಗೋಡೆಗೂ ಹುಳಿಮಾವಿನ ಮಣ್ಣಿನ ಏರಿಗೂ ನಡುವೆ ಪಾಠ ಹೇಳಬಲ್ಲ ಸಂಬಂಧವಿದೆ. ಅದನ್ನು ಹೇಳಲು ಎರಡನ್ನೂ ಕಣ್ಣಾರೆ ಕಂಡ ಭೂಗೋಳದ ಮೇಷ್ಟರಿಗಿಂತ ಅರ್ಹರು ಯಾರು?

ಕನ್ನಡಕ್ಕೆ ಇದು ಹೊಸದೇನಲ್ಲ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆಂದು ಹಡಗು ಹತ್ತಿದವರು ನಮಗೆ 'ಸಮುದ್ರಗೀತೆಗಳು' ತಂದುಕೊಟ್ಟರು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಮುಪ್ಪಿನಲ್ಲಿ ಅಮೆರಿಕಕ್ಕೆ ಹೋದವರು. ನಮ್ಮ ಬೀದಿಯ ಹಿರಿಯರಂತೆಯೇ ಎನ್ನಿ. 'ಅಮೆರಿಕಾದಲ್ಲಿ ಗೊರೂರು' ಬರೆದರು. 1980ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಎಲ್ಲರೂ ಗೊರೂರರಾಗಲಾರರು, ಬೇಕಾಗಿಯೂ ಇಲ್ಲ. ನಾಲ್ಕು ಪುಟ ಸಾಕು: ಯಾವ ದಿನ, ಯಾವ ಹಿಮನದಿ, ಮೂತಿ ನೀರಿನಲ್ಲಿತ್ತೋ ದಡದ ಮೇಲಿತ್ತೋ, ಎಷ್ಟು ಹೊತ್ತು ನಿಂತೆವು, ಒಡೆದಾಗ ಶಬ್ದ ಮೊದಲು ಬಂತೋ ಕಣ್ಣಿಗೆ ಮೊದಲು ಕಂಡಿತೋ.

ಇಷ್ಟನ್ನು ಮೇಷ್ಟರಿಗೆ ಹೇಳಿ ಬಂದಿದ್ದೆ, ತುಸು ಒರಟಾಗಿಯೇ. ಕಳೆದ ವಾರ ಹೋದಾಗ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯುತ್ತ ಕುಳಿತಿದ್ದರು. ಮೂರು ಪುಟವಾಗಿತ್ತು. ಕೈ ಮುಗಿದದ್ದನ್ನು ಬರೆಯಲು ಸಂಕೋಚವೆಂದರು, ಬರೆಯಿರಿ ಎಂದೆ. ಹಿಮನದಿಯ ಹೆಸರಿಗೆ ಮೊದಲ ಸಾಲಿನಲ್ಲಿ ಜಾಗ ಬಿಟ್ಟಿದ್ದರು. ಮಗಳನ್ನು ಭಾನುವಾರ ಕೇಳಿ ತುಂಬಿಸುತ್ತಾರಂತೆ.